ಕರುಳಿನ ತಪಾಸಣೆ: ಮನಸ್ಸನ್ನೂ ವಿಚಾರಿಸಿ

ಮಾನ್ಯ ಸಂಪಾದಕರೇ,

ಅಲ್ಸರೇಟಿವ್ ಕೊಲೈಟಿಸ್ ಇಲ್ಲವೇ ದೊಡ್ಡಕರುಳಿಗೆ ತಗುಲಿದ ಕ್ರೋನ್ಸ್ ಕಾಯಿಲೆ (ಎರಡೂ ಕರುಳಿನ ದೀರ್ಘಕಾಲದ ಉರಿಯೂತ) ಶುರುವಾಗಿ ಸುಮಾರು 8 ವರ್ಷವಾದ ಮೇಲೆ ಕೊಲೊನೋಸ್ಕೋಪಿ (ದೊಡ್ಡಕರುಳಿನೊಳಗೆ ಕ್ಯಾಮೆರಾ ಕೊಳವೆ ಬಿಟ್ಟು ನೋಡುವ ಪರೀಕ್ಷೆ) ಮಾಡಿಸಬೇಕಾಗುತ್ತದೆ. ಮುಂದಿನದು ಕ್ಯಾನ್ಸರಿನ ಅಪಾಯ ನೋಡಿಕೊಂಡು 1ರಿಂದ 5 ವರ್ಷಕ್ಕೆ. ಇದು ಕ್ಯಾನ್ಸರ್ ಬಂದಿದೆಯೆಂದಲ್ಲ, ಒಳಪದರ ಕೆಡತೊಡಗಿದ್ದರೆ ಮೊದಲೇ ಕಣ್ಣಿಗೆ ಬೀಳಲಿ ಎಂದು. ಇಷ್ಟನ್ನು ಬಿಡಿಸಿ ಹೇಳದಿದ್ದರೆ 'ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ' ಎಂಬ ಹೆದರಿಕೆ ರೋಗಿಯ ತಲೆಯಲ್ಲಿ ಕೂತುಬಿಡುತ್ತದೆ.

ಪರೀಕ್ಷೆಗೆ ಒಳಪದರದ ಚೂರು ತೆಗೆಯುವ ಬಯಾಪ್ಸಿ ಎಂದರಂತೂ ಎದೆ ಧಸಕ್ಕೆನ್ನುತ್ತದೆ. ಕೆಟ್ಟ ಜಾಗ ಎದ್ದುಕಾಣುವಂತೆ ಬಣ್ಣ ಸಿಂಪಡಿಸಿ ನೋಡುವ ವ್ಯವಸ್ಥೆ ಇಲ್ಲದ ಕಡೆ ಪ್ರತಿ 10 ಸೆಂ.ಮೀ.ಗೆ 4ರಂತೆ 30ಕ್ಕೂ ಹೆಚ್ಚು ಚೂರು ತೆಗೆಯುವುದು ವಾಡಿಕೆ. ಒಂದೊಂದೂ ನುಚ್ಚಕ್ಕಿಯಷ್ಟು; ತೆಗೆಯುವಾಗ ನೋವಾಗದು. ಹಿಂದಿನ ದಿನವೇ ಹೇಳಿದರೆ, ವರದಿಯಲ್ಲಿ ಅಷ್ಟೊಂದು ಚೂರಿನ ಲೆಕ್ಕ ಕಂಡು ಯಾರೂ ಕುಸಿಯುವುದಿಲ್ಲ.

ಮಲೆನಾಡಿನವರಿಗೆ ದೊಡ್ಡ ಕಷ್ಟ ಬಸ್ಸಿನದು. ಕರುಳು ಸ್ವಚ್ಛವಾಗಲು ಕೊಡುವ ಭೇದಿ ಔಷಧದ ಎರಡನೇ ಕಂತನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಕುಡಿಯಲು ಶುರುಮಾಡಬೇಕು. ಆಗುಂಬೆ, ನಗರ, ಹೊಸನಗರದ ಕಡೆಯಿಂದ ಮೊದಲ ಬಸ್ಸು ಹತ್ತುವವರು ದಾರಿಯಲ್ಲಿ ಮಾನ ಹೋದೀತೆಂದು ಅದನ್ನು ಕುಡಿಯುವುದೇ ಇಲ್ಲ. ಕರುಳಿನ ಬಲಭಾಗ ಸ್ವಚ್ಛವಾಗದೆ ಮತ್ತೆ ಬರಬೇಕಾಗುತ್ತದೆ, ಹೆದರಿಕೆಯೂ ಮೊದಲಿನಿಂದ. ದೂರದವರಿಗೆ ಮಧ್ಯಾಹ್ನದ ಸರದಿ ಕೊಡಲಿ. ಎರಡನೇ ಕಂತನ್ನು ಆಸ್ಪತ್ರೆಯಲ್ಲೇ, ಶೌಚಾಲಯದ ಪಕ್ಕದ ಕೋಣೆಯಲ್ಲಿ ಕೂತು ಕುಡಿಯಲು ಬಿಡಲಿ.

ಸೂಚನಾ ಚೀಟಿ ಕನ್ನಡದಲ್ಲಿ, ನಮ್ಮ ಊಟದ ಹೆಸರಿನಲ್ಲೇ ಇರಲಿ. 'ನಾರಿನ ಆಹಾರ ಬೇಡ' ಎಂದರೆ ಯಾರಿಗೆ ಅರ್ಥವಾದೀತು? ಎರಡು-ಮೂರು ದಿನ ಮೊದಲಿನಿಂದ ಕಳಲೆ, ಪತ್ರೊಡೆ, ಸೊಪ್ಪು, ರಾಗಿ ಬೇಡ; ಮೆತ್ತಗಿನ ಬಿಳಿ ಅನ್ನ, ಮೊಸರು ಸಾಕು. ಹಿಂದಿನ ದಿನ ಎಳನೀರು, ಸೋಸಿದ ಗಂಜಿತಿಳಿ ಆದೀತು. ಮುರುಗಲು ಶರಬತ್ತು ಬೇಡವೇ ಬೇಡ, ಅದರ ಕೆಂಪು ಒಳಗೆ ರಕ್ತದಂತೆ ಕಾಣುತ್ತದೆ.

ಹುಷಾರಾದೆನೆಂದು ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆ ಬಿಡುವವರೂ ಇದ್ದಾರೆ. ಬಿಟ್ಟರೆ ಉರಿಯೂತ ಕೆರಳಬಹುದು; ಹಾಗೆ ಕೆರಳಿದ ಕರುಳಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಖಚಿತವಾಗಿ ಓದುವುದು ಕಷ್ಟ. 'ಅನಿಶ್ಚಿತ' ಎಂಬ ವರದಿ ಬಂದರೆ ಆ ಮನೆಯಲ್ಲಿ ಎಷ್ಟು ದಿನ ನಿದ್ದೆಯಿರುವುದಿಲ್ಲವೋ! ವರದಿ ಯಾವ ದಿನ ಬರುತ್ತದೆ, ಯಾರು ಫೋನ್ ಮಾಡುತ್ತಾರೆ ಎಂಬುದನ್ನು ಪರೀಕ್ಷೆಯ ದಿನವೇ ಬರೆದುಕೊಡಬೇಕು. 'ಡಿಸ್‌ಪ್ಲೇಸಿಯಾ' (ಒಳಪದರದ ಕೋಶಗಳು ಕೆಡತೊಡಗಿರುವುದು) ಎಂದು ಬಂದರೂ ಅದು ಕ್ಯಾನ್ಸರ್ ಅಲ್ಲ, ಹಲವು ಸಲ ಎಂಡೋಸ್ಕೋಪಿಯಲ್ಲೇ (ಅಂಥದೇ ಕ್ಯಾಮೆರಾ ಕೊಳವೆಯ ಮೂಲಕ) ತೆಗೆಯಬಹುದು ಎಂದೂ ಅದೇ ಫೋನಿನಲ್ಲಿ ಹೇಳಬೇಕು.

ಈ ಕಾಯಿಲೆಯವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಆತಂಕದ, ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣಗಳಿರುತ್ತವೆ. ಹಾಗಾಗಿ ಪ್ರತಿ ಭೇಟಿಯಲ್ಲೂ ಎರಡು ಪ್ರಶ್ನೆ ಕೇಳಿ: ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿತ್ತೇ, ಯಾವುದರಲ್ಲೂ ಆಸಕ್ತಿ ಇರಲಿಲ್ಲವೇ? ಹೌದೆಂದವರನ್ನು ಮನೋವೈದ್ಯರ ಬಳಿ ಕಳಿಸಿ. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಕೂಡ ಸೂಚನಾ ಚೀಟಿಯ ತಲೆಯಲ್ಲೇ ಇರಲಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

– ಎಂಡೋಸ್ಕೋಪಿ ಶುಶ್ರೂಷಕಿಯರು, ಶಿವಮೊಗ್ಗ