ರೋಸ್ಮರಿ ಎಣ್ಣೆ ತಂದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸುಮಾರು ಜನ ರೋಸ್ಮರಿ ಎಸೆನ್ಷಿಯಲ್ ಆಯಿಲ್ (ರೋಸ್ಮರಿ ಗಿಡದಿಂದ ತೆಗೆದ ಗಾಢವಾದ ಸುಗಂಧದ ಎಣ್ಣೆ) ತರಿಸಿದ್ದೀರಿ, ಅದಕ್ಕೇ ಈ ಸೂಚನೆ. ಕೋಣೆಗೆ ಪರಿಮಳ ಹರಡುವ ಯಂತ್ರವಾದ ಡಿಫ್ಯೂಸರ್‌ನಲ್ಲಿ 100 ಮಿ.ಲೀ. ನೀರಿಗೆ 3-4 ಹನಿ ಸಾಕು. ಅರ್ಧ ಗಂಟೆ ಆದ ಮೇಲೆ ಆಫ್ ಮಾಡಿ. ಕಿಟಕಿ ಸ್ವಲ್ಪ ತೆರೆದಿರಲಿ. ಸುಮ್ನೆ ಜಾಸ್ತಿ ಹಾಕಿದರೆ ತಲೆನೋವು ಬರಬಹುದು.

ಇದರಲ್ಲಿ ಕರ್ಪೂರದ ಅಂಶವೂ ಇದೆ, ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಕೂಡ ಇದೆ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುತ್ತದಲ್ವಾ, ಆ ಘಾಟು ಇವುಗಳದ್ದೇ. ಹಾಗಾಗಿ ಫಿಟ್ಸ್ ಅಥವಾ ಆಸ್ತಮಾ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಬಳಸಬೇಡಿ. ಪುಟ್ಟ ಮಕ್ಕಳು, ಬೆಕ್ಕು ಇರುವ ಕೋಣೆಯಲ್ಲಂತೂ ಬೇಡವೇ ಬೇಡ.

ತಲೆಗೆ ಹಚ್ಚುವವರು ದಯವಿಟ್ಟು ನೇರವಾಗಿ ಹಚ್ಚಬೇಡಿ. 30 ಮಿ.ಲೀ. ಕೊಬ್ಬರಿ ಎಣ್ಣೆಗೆ 10 ಹನಿ ಬೆರೆಸಿ, ಮೊದಲು ಮೊಣಕೈ ಒಳಭಾಗಕ್ಕೆ ಸವರಿ ಒಂದು ದಿನ ನೋಡಿ. ಬಾಟಲಿ ಮಕ್ಕಳ ಕೈಗೆ ಸಿಗದಂತೆ ಮೇಲಿಡಿ.