ಬಿಸಿ ಸಾಂಬಾರಿಗೆ ಪ್ಲಾಸ್ಟಿಕ್ ಕವರ್: ಇದು ಬರೀ ಕಸದ ವಿಷಯವಲ್ಲ

ಮಾನ್ಯ ಸಂಪಾದಕರೇ,

ಪ್ಲಾಸ್ಟಿಕ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಸುದ್ದಿಯನ್ನೆಲ್ಲ ಓದುತ್ತೇನೆ. ಚರಂಡಿ ಕಟ್ಟಿಕೊಂಡಿತು, ಹಸುವಿನ ಹೊಟ್ಟೆಯಲ್ಲಿ ಕವರ್ ಸಿಕ್ಕಿತು, ಪಾಲಿಕೆಯವರು ಅಂಗಡಿಗೆ ದಂಡ ಹಾಕಿದರು. ಬರಲಿ, ಬರಬೇಕಾದ್ದೇ. ಆದರೆ ಅದೇ ಕವರಿನಲ್ಲಿ ಕುದಿಯುವ ಸಾಂಬಾರು ಕಟ್ಟಿಸಿಕೊಂಡು ಹೋಗಿ ಊಟ ಮಾಡುವವರ ರಕ್ತದಲ್ಲಿ ಏನಾಗುತ್ತದೆ ಅನ್ನುವುದು ಯಾಕೋ ಸುದ್ದಿಯಾಗುವುದೇ ಇಲ್ಲ.

ನಾನು ದಾವಣಗೆರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಲಿಪಿಡ್ ಪ್ರೊಫೈಲ್ (ರಕ್ತದಲ್ಲಿ ಕೊಲೆಸ್ಟ್ರಾಲ್, ಕೊಬ್ಬು ಎಷ್ಟಿದೆ ಎಂಬ ಲೆಕ್ಕ) ರಿಪೋರ್ಟ್ ಕೈಗೆ ಕೊಟ್ಟಾಗ ಜನ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ತುಪ್ಪ ಬಿಟ್ಟೀನಿ, ಮೊಟ್ಟೆ ಬಿಟ್ಟೀನಿ, ಆದ್ರೂ ಯಾಕ್ರೀ ಜಾಸ್ತಿ ಐತಿ?" ಉತ್ತರ ಹೇಳಬೇಕಾದವರು ಡಾಕ್ಟರು, ನಾನಲ್ಲ. ಆದರೂ ಕಾರಣಗಳು ಗುಟ್ಟೇನೂ ಅಲ್ಲ. ವಂಶದಿಂದ ಬಂದಿರಬಹುದು, ಥೈರಾಯ್ಡ್ ಕಡಿಮೆ ಇರಬಹುದು, ಶುಗರ್ ಇರಬಹುದು, ಹೊಟ್ಟೆಯ ಬೊಜ್ಜು, ಕೂತೇ ಮಾಡುವ ಕೆಲಸ. ಈ ಪಟ್ಟಿಯ ಕೊನೆಯಲ್ಲಾದರೂ ಪ್ಲಾಸ್ಟಿಕ್‌ನ ರಾಸಾಯನಿಕಗಳಿಗೆ ಒಂದು ಜಾಗ ಕೊಡಿ ಅನ್ನುವುದು ನನ್ನ ವಾದ. ಕೊನೆಯಲ್ಲಿ ಅಂದೆ, ಮೊದಲಲ್ಲಿ ಅಲ್ಲ.

ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಹತ್ತಿರ ಡುಪಾಂಟ್ ಕಂಪನಿಯ ಕಾರ್ಖಾನೆ ಇತ್ತು. ನಾನ್‌ಸ್ಟಿಕ್ ಪಾತ್ರೆಗೆ ಬಳಿಯುವ ಟೆಫ್ಲಾನ್ ತಯಾರಿಸಲು ಅಲ್ಲಿ ಪಿಎಫ್ಒಎ ಎಂಬ ರಾಸಾಯನಿಕ ಬಳಸುತ್ತಿದ್ದರು. ಅದು ವರ್ಷಗಟ್ಟಲೆ ನದಿಗೆ, ಗಾಳಿಗೆ ಸೇರಿ ಕೊನೆಗೆ ಸುತ್ತಲಿನ ಊರುಗಳ ಕುಡಿಯುವ ನೀರಿಗೇ ಬಂತು. ಕೇಸು ಕೋರ್ಟಿಗೆ ಹೋಗಿ, ರಾಜಿಯಾಗಿ, ಅದರ ಭಾಗವಾಗಿ 2005-06ರಲ್ಲಿ ಸುಮಾರು 69,000 ಜನರ ರಕ್ತ ಪರೀಕ್ಷೆ ನಡೆಯಿತು. ಅವರಲ್ಲಿ 46 ಸಾವಿರಕ್ಕೂ ಹೆಚ್ಚು ವಯಸ್ಕರ ಲೆಕ್ಕ ತೆಗೆದಾಗ, ರಕ್ತದಲ್ಲಿ ಪಿಎಫ್ಒಎ ಅತಿ ಕಡಿಮೆ ಇದ್ದ ಗುಂಪಿಗೂ ಅತಿ ಹೆಚ್ಚು ಇದ್ದ ಗುಂಪಿಗೂ ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಡೆಸಿಲೀಟರ್‌ಗೆ 11-12 ಮಿಲಿಗ್ರಾಂ ವ್ಯತ್ಯಾಸ ಕಂಡಿತು. 2012ರ ಹೊತ್ತಿಗೆ ಅಲ್ಲಿನ ವಿಜ್ಞಾನಿಗಳ ಸಮಿತಿ ಈ ರಾಸಾಯನಿಕಕ್ಕೆ ಆರು ಕಾಯಿಲೆಗಳ ಜೊತೆ ಸಂಬಂಧ ಇರುವ ಸಾಧ್ಯತೆ ಹೆಚ್ಚು ಎಂದು ಹೇಳಿತು. ಕಿಡ್ನಿ ಕ್ಯಾನ್ಸರ್, ಥೈರಾಯ್ಡ್ ಎಲ್ಲ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಅದೇ ಆರರಲ್ಲಿ ಹೈ ಕೊಲೆಸ್ಟ್ರಾಲ್ ಕೂಡ ಒಂದು, ಅದನ್ನು ನೆನಪಿಟ್ಟವರು ಕಡಿಮೆ.

(ಇಲ್ಲೇ ಒಂದು ಮಾತು. ವಾಟ್ಸಾಪ್ ನೋಡಿ ಮನೆಯ ನಾನ್‌ಸ್ಟಿಕ್ ತವಾ ಎತ್ತಿ ಬಿಸಾಡುವವರು ಗಮನಿಸಿ, ಆ ಜನರಿಗೆ ವಿಷ ಬಂದಿದ್ದು ತವಾದಿಂದ ಅಲ್ಲ, ಕುಡಿಯುವ ನೀರಿನಿಂದ.)

ಎರಡನೆಯದು ಥಾಲೇಟ್‌ಗಳು. ಗಟ್ಟಿ ಪಿವಿಸಿಯನ್ನು ಮೆದು ಮಾಡಲು ಬೆರೆಸುವ ರಾಸಾಯನಿಕಗಳು ಇವು. ಇವು ಪ್ಲಾಸ್ಟಿಕ್ ಜೊತೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ಬಿಸಿ ಮತ್ತು ಜಿಡ್ಡು ಸಿಕ್ಕರೆ ಸುಲಭವಾಗಿ ಆಹಾರಕ್ಕೆ ಬಿಡುತ್ತವೆ. 2021ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್‌ನವರು ಡಿಸಿಎಚ್‌ಪಿ ಎಂಬ ಥಾಲೇಟನ್ನು ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳ ಕೊಲೆಸ್ಟ್ರಾಲ್ ಏರಿತು. ಹೇಗೆ ಅನ್ನುವುದೇ ಇಲ್ಲಿ ಸ್ವಾರಸ್ಯ. ನಮ್ಮ ಲಿವರ್ ಮತ್ತು ಕರುಳಿನಲ್ಲಿ ಪಿಎಕ್ಸ್ಆರ್ ಎಂಬ ಒಂದು ರಿಸೆಪ್ಟರ್ ಇದೆ, ಹೊರಗಿನ ರಾಸಾಯನಿಕ ಒಳಗೆ ಬಂದಾಗ ಗುರುತಿಸುವ ಕಾವಲುಗಾರನ ಹಾಗೆ. ಡಿಸಿಎಚ್‌ಪಿ ಇದನ್ನು ಕೆರಳಿಸುತ್ತದೆ. ಅದು ಕೆರಳಿದಾಗ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೊಳ್ಳುವ ಒಂದು ಪ್ರೊಟೀನ್ ಕೂಡ ಜಾಸ್ತಿಯಾಗುತ್ತದೆ. ನಿಮ್ಮ ಓದುಗರಲ್ಲಿ ಎಷ್ಟೋ ಜನ ಕೊಲೆಸ್ಟ್ರಾಲ್ ಇಳಿಸಲು ಎಜೆಟಿಮೈಬ್ ಎಂಬ ಔಷಧಿ ಸೇರಿಸಿದ ಮಾತ್ರೆ ನುಂಗುತ್ತಿರುತ್ತಾರೆ, ಆ ಔಷಧಿ ತಡೆಯುವುದು ಇದೇ ಪ್ರೊಟೀನನ್ನು! ಮಾತ್ರೆ ಮುಚ್ಚಲು ನೋಡುವ ಬಾಗಿಲನ್ನು ಪ್ಲಾಸ್ಟಿಕ್‌ನ ರಾಸಾಯನಿಕ ತೆರೆಯಲು ನೋಡುತ್ತಿದೆ ಅಂದ ಹಾಗಾಯಿತು.

ಇಲಿಯಲ್ಲಿ ಆದದ್ದು ಮನುಷ್ಯನಲ್ಲೂ ಅಷ್ಟೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಮನುಷ್ಯರ ಮೇಲಿನ ಅಧ್ಯಯನಗಳಲ್ಲಿ ಒಂದು ತೊಡಕಿದೆ. ಪ್ಯಾಕೆಟ್ ತಿಂಡಿ, ಹೊರಗಿನ ಕರಿದ ತಿಂಡಿ ಜಾಸ್ತಿ ತಿನ್ನುವವರ ಮೂತ್ರದಲ್ಲಿ ಥಾಲೇಟೂ ಜಾಸ್ತಿ ಇರುತ್ತದೆ, ರಕ್ತದಲ್ಲಿ ಕೊಬ್ಬೂ ಜಾಸ್ತಿ ಇರುತ್ತದೆ. ಹಾಗಾದರೆ ತಪ್ಪು ಬೋಂಡಾದ್ದೋ ಅದನ್ನು ಕಟ್ಟಿಕೊಟ್ಟ ಕವರಿನದ್ದೋ? ಬೇರ್ಪಡಿಸಿ ಹೇಳುವುದು ಕಷ್ಟ. 11-12 ಮಿಲಿಗ್ರಾಂ ಅನ್ನುವುದೂ ಒಬ್ಬ ರೋಗಿಯ ಲೆಕ್ಕದಲ್ಲಿ ಸಣ್ಣದು, ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಅದಕ್ಕಿಂತ ಎಷ್ಟೋ ಜಾಸ್ತಿ ಇಳಿಯುತ್ತದೆ. ಹಾಗಾಗಿ ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಿ ಸ್ಟೀಲ್ ಡಬ್ಬಿ ಕೊಳ್ಳಬೇಡಿ. ಆದರೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ 100ಕ್ಕೆ 24 ಜನರಿಗೆ ಕೊಲೆಸ್ಟ್ರಾಲ್ ಹೆಚ್ಚಿದೆ. ಇಷ್ಟು ಜನರಿರುವಾಗ ಒಬ್ಬೊಬ್ಬರಲ್ಲಿ ಸಣ್ಣದಾಗಿ ಕಾಣುವ ಏರಿಕೆಯೂ ಊರಿನ ಲೆಕ್ಕದಲ್ಲಿ ಸಣ್ಣದಾಗಿ ಉಳಿಯುವುದಿಲ್ಲ ಅಲ್ವಾ?

ಈಗ ನಮ್ಮೂರಿಗೆ ಬರೋಣ. ಬೆಣ್ಣೆ ದೋಸೆಗೆ ದಾವಣಗೆರೆ ಹೆಸರುವಾಸಿ. ಹೆಂಚಿನಿಂದ ಎತ್ತಿದ ದೋಸೆ, ಮೇಲೆ ಬೆಣ್ಣೆ ಕರಗಿ ಹರಿಯುತ್ತಿರುತ್ತದೆ, ಅದನ್ನು ಹಾಗೇ ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು ಪೇಪರಿನಲ್ಲಿ ಸುತ್ತಿ ಕೊಡುವ ಹೋಟೆಲ್‌ಗಳು ಬೇಕಾದಷ್ಟಿವೆ. ಚಟ್ನಿ ಒಂದು ಕವರಿಗೆ, ಪಲ್ಯ ಇನ್ನೊಂದಕ್ಕೆ. ಬಿಸಿ, ಜಿಡ್ಡು, ಪ್ಲಾಸ್ಟಿಕ್ ಮೂರೂ ಒಟ್ಟಿಗೆ ಸೇರಬಾರದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ? ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ, ನಿಜ. ಒಳ್ಳೆಯ ಪಾಲಿಥೀನ್‌ಗೆ ಥಾಲೇಟ್ ಬೆರೆಸುವ ಅಗತ್ಯವೇ ಇಲ್ಲ. ಆದರೆ ಕಿಲೋ ಲೆಕ್ಕದಲ್ಲಿ ಬರುವ, ಮೇಲೆ ಹೆಸರೂ ಇಲ್ಲದ, ಯಾವ ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದಾರೆ ಎಂದು ಗೊತ್ತಾಗದ ಕವರಿನಲ್ಲಿ ಏನೇನಿದೆ ಎಂದು ಕೊಡುವ ಹೋಟೆಲಿನವರಿಗೂ ಗೊತ್ತಿರುವುದಿಲ್ಲ.

ಕಾನೂನು ಇಲ್ಲವೇ ಅಂದರೆ, ಇದೆ. 2016ರ ಮಾರ್ಚ್‌ನಲ್ಲೇ ನಮ್ಮ ರಾಜ್ಯ ಕ್ಯಾರಿ ಬ್ಯಾಗ್, ತಟ್ಟೆ, ಲೋಟ, ಊಟದ ಟೇಬಲ್ ಮೇಲೆ ಹಾಸುವ ಹಾಳೆ ಎಲ್ಲವನ್ನೂ ನಿಷೇಧಿಸಿತು. ಆದರೆ ಅದು ಪರಿಸರ ಕಾಯ್ದೆಯ ಅಡಿಯಲ್ಲಿ ಬಂದ ಆದೇಶ. ಅದಕ್ಕೇ ದಂಡ ಹಾಕಲು ಕಸದ ಗಾಡಿಯ ಜೊತೆ ಬರುವವರೇ ಬರುತ್ತಾರೆ. ಆಹಾರ ಸುರಕ್ಷತೆಯವರು ಎದ್ದು ನಿಂತಿದ್ದು 2025ರ ಫೆಬ್ರುವರಿಯಲ್ಲಿ, ಇಡ್ಲಿ ಗಲಾಟೆಯಾದಾಗ. 251 ಕಡೆ ತಪಾಸಣೆ ಮಾಡಿದಾಗ 52 ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಸಿಕ್ಕಿದೆ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೇ ಹೇಳಿದರು. ಒಂದು ವಾರ ಟಿವಿಯಲ್ಲೆಲ್ಲ ಕ್ಯಾನ್ಸರ್ ಇಡ್ಲಿ, ಕ್ಯಾನ್ಸರ್ ಇಡ್ಲಿ. ಆಮೇಲೆ ತಣ್ಣಗಾಯಿತು. ಕ್ಯಾನ್ಸರ್ ಅಂದರೆ ಮಾತ್ರ ನಮಗೆ ಭಯ. ನಿಧಾನವಾಗಿ ಏರುವ ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್‌ಗೆ ಯಾರು ಹೆದರುತ್ತಾರೆ?

ಅಳತೆಯಲ್ಲೂ ಒಂದು ತಮಾಷೆ ಇದೆ. ಆಹಾರ ಕಟ್ಟುವ ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಒಟ್ಟಾರೆ ಎಷ್ಟು ಇಳಿಯಬಹುದು ಎಂಬುದಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐನ 2018ರ ನಿಯಮದಲ್ಲಿ ಇರುವ ಮಿತಿ ಒಂದು ಕಿಲೋ ಆಹಾರಕ್ಕೆ 60 ಮಿಲಿಗ್ರಾಂ. ಕೆಲವು ವಸ್ತುಗಳಿಗೆ ಬೇರೆ ಮಿತಿಯೂ ಇದೆ. ಆದರೆ ಒಟ್ಟು ತೂಕ ನೋಡಿದರೆ ಏನು ಇಳಿಯಿತು ಎಂದು ಗೊತ್ತಾಗುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ ತಯಾರಿಸಲು ಬಳಸುವ ಬಿಪಿಎ ಎಂಬ ಒಂದೇ ರಾಸಾಯನಿಕಕ್ಕೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದಿನದ ಮಿತಿಯನ್ನು ದೇಹದ ತೂಕದ ಕಿಲೋಗೆ 0.2 ನ್ಯಾನೊಗ್ರಾಂಗೆ ಇಳಿಸಿತು, ಅಂದರೆ ಹಿಂದಿನ ಮಿತಿಗಿಂತ 20,000 ಪಟ್ಟು ಕಡಿಮೆ. ಮಿಲಿಗ್ರಾಂನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೊಗ್ರಾಂ. ಮಿಲಿಗ್ರಾಂ ಎಲ್ಲಿ, ನ್ಯಾನೊಗ್ರಾಂ ಎಲ್ಲಿ. ಇಷ್ಟು ಬಿಗಿ ಬೇಡ ಎಂದು ವಾದಿಸುವವರು ಯುರೋಪಿನಲ್ಲೇ ಇದ್ದಾರೆ, ಅದು ಬೇರೆ ಮಾತು. ಅಲ್ಲಿ ಜಗಳವಾದರೂ ನಡೆಯುತ್ತಿದೆ.

ಒಂದು ಸಮಾಧಾನದ ವಿಷಯವೂ ಇದೆ. ಪಿಎಫ್ಒಎ ಮೈಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಆದರೆ ಥಾಲೇಟ್, ಬಿಪಿಎ ಬಹುಪಾಲು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೋಗಿಬಿಡುತ್ತವೆ. ಸ್ಯಾನ್ ಫ್ರಾನ್ಸಿಸ್ಕೊ ಭಾಗದ ಐದು ಕುಟುಂಬಗಳ 20 ಜನರಿಗೆ ಮೂರು ದಿನ ಪ್ಲಾಸ್ಟಿಕ್ ಸೋಕಿಸದೆ ತಾಜಾ ಅಡುಗೆ ಕೊಟ್ಟರು. ಬಿಪಿಎ ಸರಾಸರಿ ಮೂರನೇ ಎರಡು ಭಾಗ ಇಳಿಯಿತು, ಡಿಇಎಚ್‌ಪಿ ಎಂಬ ಥಾಲೇಟಿನ ಗುರುತುಗಳು ಅರ್ಧಕ್ಕಿಂತ ಜಾಸ್ತಿ ಇಳಿದವು. 2011ರಲ್ಲಿ ಪ್ರಕಟವಾದ ಅಧ್ಯಯನ ಅದು. ಕೊಲೆಸ್ಟ್ರಾಲ್ ಇಳಿಯಿತಾ ಎಂದು ಅವರು ನೋಡಲಿಲ್ಲ, ಮೂರು ದಿನದಲ್ಲಿ ಅದು ತಿಳಿಯುವುದೂ ಇಲ್ಲ. ಆದರೆ ಇವು ಮೈಗೆ ಬರುವ ದೊಡ್ಡ ದಾರಿ ಊಟವೇ ಎಂದು ಕಂಡಿತು.

ನಾನು ಕೇಳುವುದು ಹೆಚ್ಚೇನಿಲ್ಲ. ಆಹಾರ ಸುರಕ್ಷತೆಯವರು ಹೋಟೆಲಿಗೆ ಬಂದಾಗ ಕವರ್ ಕಿತ್ತುಕೊಂಡು ದಂಡ ಹಾಕಿ ಹೋದರೆ ಸಾಲದು. ಆ ಕವರನ್ನೇ ಲ್ಯಾಬಿಗೆ ಕಳಿಸಿ, ಬಿಸಿ ಎಣ್ಣೆಯಲ್ಲಿ ಇಟ್ಟರೆ ಏನೇನು ಎಷ್ಟೆಷ್ಟು ಬಿಡುತ್ತದೆ ಎಂದು ನೋಡಿ, ಜಿಲ್ಲಾವಾರು ಪ್ರಕಟಿಸಲಿ. ಅಮೆರಿಕದಲ್ಲಿ ಜನರ ರಕ್ತ, ಮೂತ್ರದಲ್ಲಿ ಈ ರಾಸಾಯನಿಕಗಳನ್ನು ಸರ್ಕಾರವೇ ನಿಯಮಿತವಾಗಿ ಅಳೆಯುತ್ತದೆ, ನಮ್ಮಲ್ಲಿ ಅಂಥ ಸಮೀಕ್ಷೆ ಇಲ್ಲ. ರಾಜ್ಯದ ಒಂದೆರಡು ಊರಿನಲ್ಲಾದರೂ ಶುರು ಮಾಡಬಹುದು.

ಹೋಟೆಲಿನವರಿಗೂ ಒಂದು ಮಾತು. ಬಾಳೆ ಎಲೆ, ಮುತ್ತುಗದ ಎಲೆ ದುಬಾರಿ, ಸಿಗುವುದಿಲ್ಲ ಅನ್ನುತ್ತೀರಿ, ಒಪ್ಪಿದೆ. ಪಾರ್ಸೆಲ್ ಚಾರ್ಜ್ ಎಂದು ಬಿಲ್ಲಿನಲ್ಲಿ ಹಾಕುತ್ತೀರಲ್ಲ, ಮನೆಯಿಂದ ಸ್ಟೀಲ್ ಡಬ್ಬಿ ತಂದವರಿಗಾದರೂ ಅದನ್ನು ಬಿಟ್ಟುಬಿಡಿ. ಈಗ ಡಬ್ಬಿ ತಂದರೂ ಚಾರ್ಜ್ ಹಾಕುತ್ತಾರೆ, ಕೆಲವರು ಕವರಿನಲ್ಲೇ ಕಟ್ಟಿ ಆ ಕವರನ್ನು ಡಬ್ಬಿಯೊಳಗೆ ಇಟ್ಟು ಕೊಡುತ್ತಾರೆ!

- ಒಬ್ಬ ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ