ಪತ್ತನಾಜೆ ಕಳೆದ ಮೇಲೆ ಪರದೆ ಕಟ್ಟಿ

ಸಂಪಾದಕರಿಗೆ,

ಮಾನ್ಯರೇ,

‘ಸಾಕ್ಷ್ಯಚಿತ್ರಕ್ಕೆ ನಮ್ಮಲ್ಲಿ ಜನ ಬರುವುದಿಲ್ಲ’ ಎಂಬ ಮಾತು ಉಡುಪಿ, ಮಂಗಳೂರಿನ ಚಿತ್ರಾಸಕ್ತರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಬರೇ ಭಾಗವತಿಕೆ ಮತ್ತು ಮಾತಿನ ಬಲದಲ್ಲಿ ನಡೆಯುವ ತಾಳಮದ್ದಳೆಯನ್ನು ನಡುರಾತ್ರಿಯವರೆಗೆ ಕೂತು ಕೇಳುವ ಸೀಮೆ ಇದು. ಇಲ್ಲಿಯವರಿಗೆ ತಾಳ್ಮೆ ಇಲ್ಲ ಎಂದರೆ ನಂಬುವುದು ಕಷ್ಟ. ನಾವು ತಪ್ಪು ತಿಂಗಳಲ್ಲಿ, ತಪ್ಪು ಜಾಗದಲ್ಲಿ, ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು ತೋರಿಸುತ್ತೇವೆ. ಜನ ಬಾರದಿರುವುದು ಅದಕ್ಕೆ.

ಈಚಿನ ಕೆಲವು ಚಿತ್ರಗಳನ್ನೇ ನೋಡಿ. ಸರ್ವನಿಕ್ ಕೌರ್ ಅವರ ‘ಅಗೇನ್ಸ್ಟ್ ದ ಟೈಡ್’ 2023ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಮುಂಬೈಯ ಕೋಳಿ ಸಮುದಾಯದ ಇಬ್ಬರು ಮೀನುಗಾರ ಗೆಳೆಯರ ಕಥೆ ಅದು. ಒಬ್ಬ ಅಪ್ಪನ ಕಾಲದ ರೀತಿಯಲ್ಲೇ ದಡದ ಹತ್ತಿರ ಬಲೆ ಹಾಕುತ್ತಾನೆ, ಇನ್ನೊಬ್ಬ ಸಾಲ ಮಾಡಿ ಆಳಸಮುದ್ರಕ್ಕೆ ಹೋಗಿ ಎಲ್‌ಇಡಿ ಬೆಳಕಿನಲ್ಲಿ ಹಿಡಿಯುವ ದಾರಿ ಹಿಡಿಯುತ್ತಾನೆ. ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದ ಈ ಬೆಳಕು ಮೀನುಗಾರಿಕೆಯ ಜಗಳವನ್ನು ಉಡುಪಿಯ ಮೀನುಗಾರಿಕೆ ಬಂದರು ಮಲ್ಪೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಇಂಥ ಚಿತ್ರ ಹವಾನಿಯಂತ್ರಿತ ಸಭಾಂಗಣದಲ್ಲಿ ಕಾಲೇಜು ಮಕ್ಕಳಿಗೆ ಒಮ್ಮೆ ತೋರಿಸಲ್ಪಟ್ಟು ಡಬ್ಬ ಸೇರಿದರೆ ನಷ್ಟ ಮಲ್ಪೆಯವರಿಗೆ.

ಮೊದಲು ತಿಂಗಳ ವಿಚಾರ. ದೀಪಾವಳಿ ಮುಗಿದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಪತ್ತನಾಜೆಯವರೆಗೆ, ಅಂದರೆ ಮೇ 24ರ ಆಸುಪಾಸಿನವರೆಗೆ, ಕರಾವಳಿಯ ಸಂಜೆಗಳಿಗೆ ಬಿಡುವಿಲ್ಲ. ಯಕ್ಷಗಾನದ ಆಟ, ಕೋಲ, ಕಂಬಳ, ಜಾತ್ರೆ, ಮದುವೆ. ಡಿಸೆಂಬರ್, ಜನವರಿಯಲ್ಲಿ ಚಿತ್ರೋತ್ಸವ ಇಡುವುದು ಬೆಂಗಳೂರಿನ ಲೆಕ್ಕ, ಇಲ್ಲಿನದಲ್ಲ. ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಊರು ಸುಮ್ಮನಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಬೋಟುಗಳು ದಕ್ಕೆಯಲ್ಲಿ, ವಾರಗಟ್ಟಲೆ ಕಡಲಲ್ಲಿರುವವರು ಮನೆಯಲ್ಲಿ. ನಾಡದೋಣಿಯವರಿಗೆ ಮಾತ್ರ ಆಗಲೇ ಕೆಲಸ, ಅವರ ಊರಿನಲ್ಲಿ ಕಡಲು ಒರಟಾದ ದಿನ ನೋಡಿ ಇಡಬೇಕು. ಗದ್ದೆ ಇರುವ ಊರಾದರೆ ನಾಟಿಯ ವಾರ ತಪ್ಪಿಸಬೇಕು. ಹೀಗೆ ನೋಡಿದರೆ ನಮ್ಮ ಸಾಕ್ಷ್ಯಚಿತ್ರದ ಹಂಗಾಮು ಮಳೆಗಾಲವೇ.

ಮಳೆಗಾಲ ಎಂದೊಡನೆ ದೊಡ್ಡ ತೊಡಕು ಶಬ್ದದ್ದು. ಎಷ್ಟೋ ಶಾಲೆ, ಭಜನಾ ಮಂದಿರ, ಸಂಘದ ಕಟ್ಟಡಗಳ ಮಾಡು ತಗಡಿನ ಶೀಟಿನದು. ಜೂನ್ ತಿಂಗಳ ಒಂದು ಜೋರು ಮಳೆ ಬಿದ್ದರೆ ಪಕ್ಕದವನ ಮಾತೇ ಕೇಳುವುದಿಲ್ಲ, ಚಿತ್ರದ ಮಾತು ಎಲ್ಲಿಂದ ಕೇಳಬೇಕು? ಹಾಗಾಗಿ ಜಾಗ ಹುಡುಕುವಾಗ ಮೊದಲು ನೋಡಬೇಕಾದ್ದು ಮಾಡು. ತಾರಸಿಯಾದರೆ ಉತ್ತಮ, ಹಂಚಿನದಾದರೂ ಸಾಗುತ್ತದೆ. ಶೀಟಿನ ಹಾಲ್ ಬಿಟ್ಟು ಗತಿಯಿಲ್ಲ ಎಂದಾದರೆ ಎದುರಿಗೆ ಎರಡು ದೊಡ್ಡ ಸ್ಪೀಕರ್ ಇಟ್ಟು ಕಿರುಚಿಸಬಾರದು. ಮುಂದಿನವರ ಕಿವಿ ಹೋಗುತ್ತದೆ, ಹಿಂದಿನವರಿಗೆ ಆಗಲೂ ಕೇಳುವುದಿಲ್ಲ. ನಾಲ್ಕು ಸಣ್ಣ ಸ್ಪೀಕರ್‌ಗಳನ್ನು ಎರಡೂ ಗೋಡೆಗೆ, ಕೂತವರ ತಲೆಗಿಂತ ಸ್ವಲ್ಪ ಮೇಲೆ, ಜನರ ಹತ್ತಿರವೇ ಇಡಬೇಕು. ಹಿಂದಿನ ಜೋಡಿ ಮುಂದಿನದರಿಂದ 30 ಅಡಿ ದೂರವಿದ್ದರೆ ಅದಕ್ಕೆ ಸುಮಾರು 27 ಮಿಲಿಸೆಕೆಂಡ್ ವಿಳಂಬ ಕೊಟ್ಟರೆ ಮಾತು ಎರಡೆರಡು ಸಲ ಕೇಳಿದಂತಾಗುವುದಿಲ್ಲ. ಮಿಕ್ಸರ್‌ನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ 2ರಿಂದ 4 ಕಿಲೋಹರ್ಟ್ಸ್ ನಡುವೆ ತುಸು ಏರಿಸಿದರೆ ಮಾತಿನ ಅಕ್ಷರಗಳು ಬಿಡಿಸಿ ಕೇಳುತ್ತವೆ. ನಮ್ಮ ಕಡೆ ಮೈಕ್‌ಸೆಟ್ಟಿನವರು ಭಜನೆಗೂ ಆಟಕ್ಕೂ ಎಕೋ ಇಟ್ಟೇ ಅಭ್ಯಾಸವಾದವರು. ಆ ಎಕೋ ಗುಂಡಿಯನ್ನು ಸೊನ್ನೆಗೆ ತಿರುಗಿಸಿ ಎಂದು ವಿನಯದಿಂದ, ಎರಡು ಸಲ ಹೇಳಬೇಕು.

ಶಬ್ದದ್ದೇ ಇನ್ನೊಂದು ಎಡವಟ್ಟು. ಸಂಗೀತ ಸ್ಪಷ್ಟವಾಗಿ ಬರುತ್ತದೆ, ಮಾತು ಬಾವಿಯೊಳಗಿಂದ ಬಂದ ಹಾಗಿರುತ್ತದೆ. ಇದಕ್ಕೆ ಸ್ಪೀಕರ್ ಕಾರಣವಲ್ಲ. ನಿರ್ಮಾಪಕರು ಕಳಿಸಿದ ಕಡತದಲ್ಲಿ ಆರು ದಾರಿಯ (ಚಾನೆಲ್) 5.1 ಧ್ವನಿ ಇದ್ದು, ಮಾತೆಲ್ಲ ನಡುವಿನ ದಾರಿಯಲ್ಲಿ ಕೂತಿರುತ್ತದೆ. ಎರಡೇ ದಾರಿಯ ಮಿಕ್ಸರ್‌ಗೆ ತಂತಿ ಕೊಟ್ಟಾಗ ಅದು ಬಿಟ್ಟುಹೋಗುತ್ತದೆ. ಕೇಳುವಾಗಲೇ ‘ಸ್ಟೀರಿಯೋ ಮಿಕ್ಸ್ ಇರುವ ಎಂಪಿ4, 1080ಪಿ’ ಎಂದು ಬರೆದು ಕೇಳಿದರೆ ಮುಗಿಯಿತು. ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದ ಕೂಡಲೇ ಸ್ಪೀಕರ್ ‘ಗುಂಯ್’ ಎನ್ನತೊಡಗಿದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಇಲ್ಲವೇ ನಡುವೆ ಆ ಸದ್ದನ್ನು ತಡೆಯುವ ಒಂದು ಡಿಐ ಬಾಕ್ಸ್ ಹಾಕಿ.

ಪರದೆ ಮತ್ತು ಪ್ರೊಜೆಕ್ಟರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 12 ಅಡಿ ಅಗಲದ ಚಿತ್ರಕ್ಕೆ ಎತ್ತರ 6 ಅಡಿ 9 ಇಂಚು. 1.5 ಥ್ರೋ (ಅಂದರೆ ಚಿತ್ರದ ಅಗಲದ ಒಂದೂವರೆ ಪಟ್ಟು ದೂರ) ಇರುವ ಯಂತ್ರವನ್ನು 18 ಅಡಿ ಹಿಂದೆ ಇಡಬೇಕು. ಕತ್ತಲು ಮಾಡಿದ ಹಾಲ್‌ನಲ್ಲಿ 3,000ದಿಂದ 3,500 ಆನ್ಸಿ ಲುಮೆನ್ ಸಾಕು. ‘ಆನ್ಸಿ’ ಎಂಬ ಮಾತು ಮುಖ್ಯ, ಡಬ್ಬದ ಮೇಲೆ ಎಂಟು ಸಾವಿರ ಲುಮೆನ್ ಎಂದು ಅಚ್ಚು ಹಾಕಿದ ಅಗ್ಗದ ಯಂತ್ರಗಳು ನಿಜದಲ್ಲಿ ಕೆಲವೇ ನೂರು ಕೊಡುತ್ತವೆ. ಮಿರುಗುವ ಫ್ಲೆಕ್ಸ್ ಪರದೆಗೆ ಬೇಡ, ನಡುವೆ ಬೆಳಕಿನ ಮಚ್ಚೆ ಬೀಳುತ್ತದೆ. ಮಿರುಗಿಲ್ಲದ ಬಿಳಿ ಬಣ್ಣ ಬಳಿದ ಗೋಡೆ ಇದ್ದರೆ ಅದೇ ಒಳ್ಳೆಯದು. ಬಟ್ಟೆಯಾದರೆ ಪಸೆ ಆರದೆ ಮಡಚಬಾರದು, ಈ ಹವೆಗೆ ನಾಲ್ಕೇ ದಿನದಲ್ಲಿ ಕರಿ ಚುಕ್ಕಿ ಹಿಡಿಯುತ್ತದೆ. ಪರದೆಯ ಕೆಳ ಅಂಚು ನೆಲದಿಂದ 4 ಅಡಿ ಮೇಲಿರಲಿ. ಇಲ್ಲದಿದ್ದರೆ ಮುಂದೆ ಕೂತವರ ತಲೆಗಳು ಸಬ್‌ಟೈಟಲನ್ನು ನುಂಗುತ್ತವೆ. ಜೂನ್‌ನಲ್ಲಿ ಸೂರ್ಯ ಮುಳುಗಲು ಏಳು ಗಂಟೆಯ ಹತ್ತಿರವಾಗುವುದರಿಂದ ಸಂಜೆ ಐದೂವರೆಯ ಪ್ರದರ್ಶನಕ್ಕೆ ಕಿಟಕಿ, ವೆಂಟಿಲೇಟರ್‌ಗಳಿಗೆ ಕರಿ ಟರ್ಪಾಲು ಕಟ್ಟಬೇಕು. ಎದುರು ಬದುರಾಗಿ ಎರಡು ಬಾಗಿಲು ಬಿಡದಿದ್ದರೆ ಅರ್ಧ ಗಂಟೆಯಲ್ಲಿ ಜನ ಬೆವರಿ ಎದ್ದು ಹೋಗುತ್ತಾರೆ. ಮೊದಲ ಮಳೆಯ ವಾರದಲ್ಲಿ ಹಾತೆಗಳೂ ಪರದೆಗೆ ಬರುತ್ತವೆ, ಬಾಗಿಲ ಹೊರಗೊಂದು ಟ್ಯೂಬ್‌ಲೈಟ್ ಉರಿಸಿಟ್ಟರೆ ಅರ್ಧದಷ್ಟು ಅಲ್ಲೇ ನಿಲ್ಲುತ್ತವೆ. (ಪೂರ್ವ ಹಿಮಾಲಯದ ಕಾಡಿನಲ್ಲಿ ಬಿಳಿ ಬಟ್ಟೆಗೆ ಬೆಳಕು ಬಿಟ್ಟು ಹಾತೆಗಳನ್ನು ಅಧ್ಯಯನ ಮಾಡುವವರ ಬಗೆಗಿನ 2024ರ ‘ನಾಕ್ಟರ್ನ್ಸ್’ ತೋರಿಸುವ ದಿನ ಮಾತ್ರ ಅವನ್ನು ತಡೆಯಬೇಕಾಗಿಲ್ಲ.)

ಕರೆಂಟು ಹೋಗಿಯೇ ಹೋಗುತ್ತದೆ. ಮರ ತಂತಿಯ ಮೇಲೆ ಬೀಳುವ ಕಾಲ ಅದು. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲ ಸೇರಿ ಒಂದು ಕಿಲೋವಾಟ್ ದಾಟುವುದಿಲ್ಲ, 2 ಕೆವಿಎ ಜನರೇಟರ್ ಧಾರಾಳ. ಆದರೆ ಕರೆಂಟು ಹೋಗಿ ಜನರೇಟರ್ ಹತ್ತುವ ನಡುವಿನ ಆ ಎರಡು ನಿಮಿಷವೇ ಅಪಾಯ. ದೀಪದ ಪ್ರೊಜೆಕ್ಟರ್‌ನ ಫ್ಯಾನ್ ಒಮ್ಮೆಲೇ ನಿಂತರೆ ಒಳಗಿನ ಬಿಸಿ ಹೊರಹೋಗದೆ ದೀಪದ ಆಯುಷ್ಯ ಕಡಿಮೆಯಾಗುತ್ತದೆ. ಪ್ರೊಜೆಕ್ಟರಿಗೂ ಲ್ಯಾಪ್‌ಟಾಪಿಗೂ ಮಾತ್ರ 1 ಕೆವಿಎ ಯುಪಿಎಸ್ ಕೊಡಿ, ಸ್ಪೀಕರ್‌ಗಳನ್ನು ಅದಕ್ಕೆ ಸೇರಿಸಬೇಡಿ. ಜನರೇಟರ್ ಕಟ್ಟಡದ ಹಿಂದೆ ನೂರು ಅಡಿ ದೂರ, ಬಾಗಿಲಿನ ದಿಕ್ಕಿಗೆ ಹೊಗೆ ಬಾರದಂತೆ ಇರಲಿ. ಒದ್ದೆ ಚಪ್ಪಲಿಯಲ್ಲಿ ಓಡಾಡುವ ನೆಲದ ಮೇಲೆ ಟೇಪು ಸುತ್ತಿದ ವಯರಿನ ಗಂಟು ಬಿಡುವುದು ಜೀವಕ್ಕೆ ಅಪಾಯ. ವಿದ್ಯುತ್ ಸೋರಿದ ಕೂಡಲೇ ಕರೆಂಟು ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದ ಹಾಲ್‌ನಲ್ಲಿ ಪ್ರದರ್ಶನ ಇಡಲೇಬಾರದು.

ಇನ್ನು ಭಾಷೆ. ಸೋಲುವುದು ಹೆಚ್ಚಾಗಿ ಇಲ್ಲಿ. ಮರಾಠಿ ಮಾತಿನ ಇಂಗ್ಲಿಷ್ ಸಬ್‌ಟೈಟಲನ್ನು ನೋಡಿ ಕನ್ನಡ ಮಾಡಿದರೆ ‘ಪಾಂಫ್ರೆಟ್’, ‘ಸಾರ್ಡಿನ್’ ಎಂದು ಬರುತ್ತದೆ. ಮಲ್ಪೆಯವರಿಗೆ ಅದು ಮಾಂಜಿ, ಬೂತಾಯಿ. ‘ಬಲೆ’ ಎಂದಷ್ಟೇ ಬರೆದರೆ ಯಾವ ಬಲೆ? ಕೈರಂಪಣಿಯೋ, ಬೀಸುಬಲೆಯೋ, ಪರ್ಸೀನೋ? ಇಡೀ ಜಗಳ ಇರುವುದೇ ಆ ವ್ಯತ್ಯಾಸದಲ್ಲಿ. ಅನುವಾದ ಮುಗಿದ ಮೇಲೆ ಕಸುಬಿನವರೊಬ್ಬರನ್ನು ಕೂರಿಸಿ ಓದಿಸಬೇಕು. ತೆರೆಯ ಮೇಲೆ ಒಮ್ಮೆಗೆ ಎರಡೇ ಸಾಲು, ಸಾಲಿಗೆ 35 ಅಕ್ಷರ ಮೀರದಂತೆ, ಎರಡು ಸೆಕೆಂಡಿಗಿಂತ ಕಡಿಮೆ ನಿಲ್ಲದಂತೆ. ಪ್ರತ್ಯೇಕ ಎಸ್‌ಆರ್‌ಟಿ ಕಡತವಾಗಿ ಕೊಟ್ಟರೆ ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ನಿರ್ಮಾಪಕರ ಒಪ್ಪಿಗೆ ಪಡೆದು ಅಕ್ಷರಗಳನ್ನು ಚಿತ್ರದೊಳಗೇ ಅಚ್ಚು ಮಾಡಿಸುವುದು ಭದ್ರ. 90 ನಿಮಿಷದ ಚಿತ್ರದಲ್ಲಿ ಸಾವಿರದಷ್ಟು ಸಬ್‌ಟೈಟಲ್ ತುಣುಕುಗಳಿರಬಹುದು. ಚೆನ್ನಾಗಿ ಮಾಡುವವರು ದಿನಕ್ಕೆ 10 ನಿಮಿಷದ ಭಾಗ ಮುಗಿಸಿದರೆ ಹೆಚ್ಚು. ತಿದ್ದುಪಡಿ ಸೇರಿ ಮೂರು ವಾರ ಹಿಡಿದುಕೊಳ್ಳಿ.

ಓದಲು ಬಾರದ, ಕಣ್ಣು ಮಂಜಾದ ಹಿರಿಯರಿಗಾಗಿ ತುಳುವಿನಲ್ಲೋ ಬ್ಯಾರಿಯಲ್ಲೋ ಕುಂದಗನ್ನಡದಲ್ಲೋ ಹೇಳುವವರೊಬ್ಬರು ಬೇಕು. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಪರಂಪರೆ ಇರುವ ಊರಿಗೆ ಇದೇನೂ ಹೊಸದಲ್ಲ. ಆದರೆ ಅರ್ಥಧಾರಿಯ ಉತ್ಸಾಹ ಇಲ್ಲಿ ಬೇಡ. ಎರಡು ಸಲ ಚಿತ್ರ ನೋಡಿ, ಮೌನ ಎಲ್ಲೆಲ್ಲಿದೆ ಎಂದು ಗುರುತು ಹಾಕಿಕೊಂಡು, ಆ ಮೌನವನ್ನು ಮೌನವಾಗಿಯೇ ಬಿಡಬಲ್ಲವರು ಬೇಕು. ಅಂಥವರು ಸಿಗುವುದೇ ಕಷ್ಟ.

ಕಾನೂನಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ‘ಟಿಕೆಟ್ ಇಲ್ಲ, ಹಾಗಾಗಿ ಏನೂ ಬೇಡ’ ಎನ್ನುತ್ತಾರೆ. ಸಾರ್ವಜನಿಕ ಪ್ರದರ್ಶನ ಎಂದರೆ ಉಚಿತವಾದರೂ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಪ್ರಮಾಣಪತ್ರ ಬೇಕು. ಚಿತ್ರೋತ್ಸವಗಳು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯಬಹುದು. ಸಾಕ್ಷ್ಯಚಿತ್ರ, ಕಿರುಚಿತ್ರಗಳಿಗೂ ಸೆನ್ಸಾರ್ ಅನ್ವಯಿಸುತ್ತದೆ ಎಂಬುದು ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ಅವರ 1970ರ ಮೊಕದ್ದಮೆಯಷ್ಟು ಹಳೆಯದು. ಮನೆಯ ಓಟಿಟಿ ಚಂದಾದಾರಿಕೆಯಲ್ಲಿ ಊರಿಗೆ ತೋರಿಸುವಂತಿಲ್ಲ, ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಒಂದು ಪ್ರದರ್ಶನಕ್ಕೆ, ಇಂಥ ಊರಿಗೆ, ಇಂಥ ದಿನಕ್ಕೆ ಎಂದು ಸ್ಪಷ್ಟವಾಗಿ ಬರೆದು ಕೇಳಿದರೆ ಸ್ವತಂತ್ರ ನಿರ್ದೇಶಕರು ಬಹುಮಟ್ಟಿಗೆ ಒಪ್ಪುತ್ತಾರೆ. ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ.

ನ್ಯಾಯದ ಚಿತ್ರಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಜಾರ್ಖಂಡದ ರೈತನೊಬ್ಬ ಅತ್ಯಾಚಾರಕ್ಕೊಳಗಾದ ಮಗಳ ಪರವಾಗಿ ಹೋರಾಡುವ, ನಿಶಾ ಪಹುಜಾ ಅವರ ‘ಟು ಕಿಲ್ ಎ ಟೈಗರ್’ನಂಥ ಚಿತ್ರ ಬೆಳ್ತಂಗಡಿಯಲ್ಲೋ ಕಾರ್ಕಳದಲ್ಲೋ ತೋರಿಸಬೇಕಾದದ್ದೇ. ಆದರೆ ಚರ್ಚೆಯಲ್ಲಿ ಯಾರಾದರೂ ಊರಿನ ಪ್ರಕರಣವೊಂದನ್ನು ಎತ್ತಿ ಹುಡುಗಿಯ ಮನೆ, ಶಾಲೆ ಹೇಳಿಬಿಟ್ಟರೆ ಅದು ಸಂತ್ರಸ್ತ ಮಗುವಿನ ಗುರುತು ಮಾಧ್ಯಮದಲ್ಲಿ ಹೊರಬೀಳದಂತೆ ತಡೆಯುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ನೆನಪಿಸಿಕೊಳ್ಳಬೇಕಾದ ಗಳಿಗೆ. ಚರ್ಚೆ ನಡೆಸುವವರು ಮೊದಲೇ ‘ಹೆಸರು, ಊರು ಬೇಡ’ ಎಂದು ಹೇಳಿ, ಮೈಕ್ ತಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕು. ಕೊಕ್ಕಡ, ನಿಡ್ಲೆ, ಪಟ್ರಮೆಯ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದವರ ನಡುವೆ ಯಾವ ಚಿತ್ರ ತೋರಿಸಿದರೂ ಅದರಲ್ಲಿ ಮಿಣುಕುವ ಬೆಳಕಿನ ದೃಶ್ಯಗಳಿವೆಯೇ ಎಂದು ಮೊದಲೇ ನೋಡಬೇಕು. ಅಪಸ್ಮಾರ ಇರುವ ಕೆಲವರಿಗೆ ಅದರಿಂದಲೇ ಸೆಳೆತ ಬರಬಹುದು. ಗಾಲಿಕುರ್ಚಿ ಹತ್ತುವ ಇಳಿಜಾರು, ಹತ್ತಿರದಲ್ಲಿ ಶೌಚಾಲಯ ಇಲ್ಲದ ಹಾಲ್ ಅಲ್ಲಿ ಪ್ರಯೋಜನವಿಲ್ಲ. ಚಿತ್ರ ಆ ಊರಿನದೇ ಆಗಿದ್ದರೆ, ಅದರಲ್ಲಿ ಮುಖ ತೋರಿಸಿದ ಪ್ರತಿ ಮನೆಯವರೂ ಊರಿಗಿಂತ ಮೊದಲು ತಮ್ಮ ಮನೆಯಲ್ಲೇ ಕೂತು ನೋಡಿರಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ ಎಂಬುದು ಸಾಲದು. ಶೂಟಿಂಗ್ ದಿನದ ಒಪ್ಪಿಗೆ ಬೇರೆ, ನೆರೆಕರೆಯವರ ಎದುರು ತನ್ನನ್ನೇ ಹನ್ನೆರಡು ಅಡಿ ಅಗಲದಲ್ಲಿ ನೋಡುವ ಒಪ್ಪಿಗೆ ಬೇರೆ.

ಸಭಾ ಕಾರ್ಯಕ್ರಮದ ಬಗ್ಗೆ ಹೇಳದಿದ್ದರೆ ಪತ್ರ ಅಪೂರ್ಣ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಸ್ತಾವನೆ, ಶಾಲು, ಸ್ಮರಣಿಕೆ, ಮುಖ್ಯ ಅತಿಥಿಯ ‘ಎರಡು ಮಾತು’ ಇಷ್ಟಾಗುವಾಗ ಒಂದು ಗಂಟೆ. ಆಮೇಲೆ 97 ನಿಮಿಷದ ಚಿತ್ರ. ಕೊನೆಯ ಬಸ್ಸು ತಪ್ಪುತ್ತದೆಂದು ಜನ ನಡುವಲ್ಲೇ ಏಳುತ್ತಾರೆ, ನಾವು ‘ಜನರಿಗೆ ಆಸಕ್ತಿಯಿಲ್ಲ’ ಎಂದು ಬರೆದುಕೊಳ್ಳುತ್ತೇವೆ. ಐದೂವರೆಗೆ ದೀಪ ಆರಿಸಿ ಚಿತ್ರ ಶುರು ಮಾಡಿ. ಏಳು ಕಾಲಿಗೆ ಚಹಾ, ಬಳಿಕ ಅರ್ಧ ಗಂಟೆ ಮಾತು. ಶಾಲು ಹೊದಿಸಲೇಬೇಕಾದರೆ ಜನರೇಟರ್ ನೋಡಿಕೊಂಡವರಿಗೆ ಹೊದಿಸಿ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೂ ಎರಡು ಜಿಲ್ಲಾ ಪಂಚಾಯಿತಿಗಳಿಗೂ ನಮ್ಮ ಕೇಳಿಕೆ ದೊಡ್ಡದಲ್ಲ. ತಾಲೂಕಿಗೊಂದು ಪ್ರೊಜೆಕ್ಟರ್, ನಾಲ್ಕು ಸ್ಪೀಕರ್, ಯುಪಿಎಸ್ ಇರುವ ಪೆಟ್ಟಿಗೆ ಮಾಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೂಲಕ ಎರವಲು ಕೊಡುವಂತಾಗಲಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡಲು, ಅದನ್ನು ತಿಂಗಳಿಗೊಮ್ಮೆ ಒಣಗಿಸಲು ಒಬ್ಬರನ್ನು ಗೊತ್ತುಮಾಡಿ. ಇಲ್ಲವಾದರೆ ಆಟಿ ತಿಂಗಳು ಕಳೆಯುವಾಗ ಲೆನ್ಸ್ ತುಂಬ ಬೂಷ್ಟು.

ತಮ್ಮ ಪತ್ರಿಕೆಗೂ ಒಂದು ಮನವಿ. ಸ್ಥಳೀಯ ಕಾರ್ಯಕ್ರಮಗಳ ಅಂಕಣದಲ್ಲಿ ಸಾಕ್ಷ್ಯಚಿತ್ರದ ಸುದ್ದಿ ಹಾಕುವಾಗ ಅಧ್ಯಕ್ಷತೆ ಯಾರದ್ದು ಎಂಬುದರ ಬದಲು ಚಿತ್ರ ಎಷ್ಟು ನಿಮಿಷ, ಯಾವ ಭಾಷೆ, ಕನ್ನಡ ಸಬ್‌ಟೈಟಲ್ ಇದೆಯೇ, ತುಳುವಿನಲ್ಲಿ ಹೇಳುವವರಿದ್ದಾರೆಯೇ, ಯಾವ ವಯಸ್ಸಿನವರಿಗೆ, ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಹಾಕಿ. ಬರುವ ಜೂನ್‌ಗೆ ತೋರಿಸಬೇಕೆಂದಿರುವವರು ಹಕ್ಕುದಾರರಿಗೆ ಪತ್ರ ಬರೆಯಬೇಕಾದ್ದು ಮಾರ್ಚ್‌ನಲ್ಲಿ. ಉತ್ತರ ಬರಲು ಒಂದು ತಿಂಗಳು, ಸಬ್‌ಟೈಟಲಿಗೆ ಮೂರು ವಾರ, ಹಾಲ್‌ನಲ್ಲಿ ಒಂದು ಸಲ ಮಳೆ ಬರುವಾಗಲೇ ಶಬ್ದ ಪರೀಕ್ಷೆ.

ಇತಿ,
ಚಿತ್ರ ಪ್ರದರ್ಶನದ ಕೆಲಸದಲ್ಲಿರುವ ಕೆಲವು ಓದುಗರು, ಉಡುಪಿ